ರಕ್ತ ಕುಡಿದವರ ಓಣಿ

ನಮ್ಮ ಅತ್ತೆ ಮಾಂತವ್ವ ಎರಡು ಸಿನಿಮಾಗಳಲ್ಲಿ ಮನುಷ್ಯರ ರಕ್ತ ಕುಡಿದವರು. ಹೆಣ್ಣು ನೋಡಲು ಬಂದಾಗ ಆ ಮನೆಯವರು ನನಗೆ ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದೇನೂ ಕೇಳಲಿಲ್ಲ. "ಹುಡುಗಿ ದನಿ ಗಟ್ಟಿ ಐತೇನ್ರಿ?" ಎಂದು ಕೇಳಿದರು. ನಮ್ಮಪ್ಪ ಬೇರೆ ಊರಿನವನು, ಅವನಿಗೆ ಒಳಗಿನ ಅರ್ಥ ತಿಳಿಯಲಿಲ್ಲ. "ಗಟ್ಟಿ ಅಂದ್ರ ಏನ್ರಿ, ಹೊಲದಾಗ ನಿಂತು ಒದರಿದ್ರ ಊರಾಗ ನಾಯಿ ಎದ್ದು ಕೂಡ್ತಾವ" ಅಂದ. ಸಂಬಂಧ ಅಲ್ಲೇ ಕುದುರಿತು.

ಬೇರೆ ಊರುಗಳಲ್ಲಿ ಅತ್ತೆ ಒಳಗೆ ನಿಂತು ಸೊಸೆಯನ್ನು ಕರೆಯುತ್ತಾಳೆ. ನಾನು ಅಕ್ಕಿಯ ಸೇರು ಒದ್ದು ಒಳಗೆ ಬಂದಾಗ ಅತ್ತೆ ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದರು. ಗಂಡ ಮೊಣಕೈಯಿಂದ ಮೆಲ್ಲಗೆ ತಿವಿದು, "ಕರಿ" ಎಂದರು. ನಾಚಿಕೆಯಿಂದ ಸೆರಗು ಕಚ್ಚಿಕೊಂಡು, "ಬರ್ರಿ ಅತ್ತಿ, ಒಳಗ ಬರ್ರಿ" ಅಂದೆ. ಅತ್ತೆ ಹೊಸ್ತಿಲು ದಾಟಿ ಬಂದು ನನ್ನ ಗದ್ದ ಹಿಡಿದು, "ಛಲೋ ಐತಿ ದನಿ. ಇನ್ನ ನನ್ನ ಚಿಂತಿ ಹೋತು" ಎಂದರು.

ಆ ಊರಿನಲ್ಲಿ ಅದು ಹಾಗೆ. ಊರ ಗುಡ್ಡದ ಮೇಲಿದ್ದ ಸಿನಿಮಾ ಸ್ಟುಡಿಯೋದಲ್ಲಿ ಪಿಶಾಚಿಯ ಹಲ್ಲು ಕಟ್ಟಿಕೊಂಡು ಕ್ಯಾಮೆರಾದ ಮುಂದೆ ನಿಂತವರು, ಒಳಗಿನಿಂದ ಯಾರಾದರೂ ಕರೆಯದ ಹೊರತು ಯಾವ ಹೊಸ್ತಿಲನ್ನೂ ದಾಟಲಾರರು. ಸ್ವಂತ ಮನೆಯ ಹೊಸ್ತಿಲನ್ನೂ ಅಷ್ಟೆ. ಕಾಲು ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತದೆ. ಹೊರಗೆ ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೀಗಾಗಿ ಬಸ್ಸಿನ ಕಂಡಕ್ಟರು ಪ್ರತಿ ನಿಲುಗಡೆಯಲ್ಲೂ "ಬರ್ರಿ ಒಳಗ, ಬರ್ರಿ ಒಳಗ" ಎಂದು ಕೂಗುತ್ತಿದ್ದ. ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತಲೇ ಕರೆಯುತ್ತಿದ್ದ. ಬಾಗಿಲು ಬಡಿದರೆ "ಯಾರು?" ಎಂದು ಕೇಳುವ ರೂಢಿಯೇ ಅಲ್ಲಿ ಇರಲಿಲ್ಲ. ಕಳ್ಳನಿಗೂ ಬಾ ಅನ್ನುವ ಊರು ಎಂದು ಸುತ್ತಲಿನವರು ನಗುತ್ತಿದ್ದರು. ಇಂಥ ಕಲಾವಿದರು ಹೆಚ್ಚಾಗಿ ಟಾಕೀಸಿನ ಹಿಂದಿನ ಒಂದೇ ಓಣಿಯಲ್ಲಿದ್ದರು. ಒಂಟಿಯಾಗಿದ್ದವರು ಮುಂದಿನ ಕೋಣೆಯನ್ನು ಮನೆಯಲ್ಲೇ ಕೂತು ಕೆಲಸ ಮಾಡುವ ಯಾರಿಗಾದರೂ ಪುಕ್ಕಟೆ ಬಿಟ್ಟುಕೊಡುತ್ತಿದ್ದರು. ಮನೆಯೊಡೆಯರು ಪೇಟೆಯಿಂದ ಬಂದಾಗ ಕರೆಯುವುದೇ ಬಾಡಿಗೆ.

ನಾನು ಆ ಊರಿಗೆ ಹೋಗುವ ಹೊತ್ತಿಗೆ ಸ್ಟುಡಿಯೋ ಮುಚ್ಚಿ ಬಹಳ ಕಾಲವಾಗಿತ್ತು. ಆದರೂ ಗುರುಸಿದ್ದಪ್ಪನ ಟಾಕೀಸಿನಲ್ಲಿ ಹಳೆಯ ರೀಲುಗಳು ಓಡುತ್ತಿದ್ದವು, ಭಾನುವಾರ ಬಂತೆಂದರೆ ಪರ ಊರಿನವರು ಬಂದು ಓಣಿಯಲ್ಲಿ ತಿರುಗಾಡುತ್ತಿದ್ದರು. ಅವರಿಗೆ ಕಥೆಗಿಂತ ಕಥೆಯ ಹಿಂದಿನ ಸಂಗತಿಗಳೇ ರುಚಿ. ಕಪ್ಪುಬಿಳುಪು ಚಿತ್ರಗಳಲ್ಲಿ ರಕ್ತವೆಂದು ಕಬ್ಬಿನ ಕಾಕಂಬಿ ಬಳಿಯುತ್ತಿದ್ದರು, ಬಣ್ಣ ಬಂದ ಮೇಲೆ ಬೀಟ್‌ರೂಟ್ ರಸಕ್ಕೆ ಬೆಲ್ಲದ ಪಾಕ ಬೆರೆಸಿದ್ದರಿಂದ ನೊಣ ಮುತ್ತಿ ಶೂಟಿಂಗೇ ನಿಂತುಹೋಯಿತು, ಇದೆಲ್ಲ ಅವರಿಗೆ ಬಾಯಿಪಾಠ. ಕ್ರೂರ ಗೌಡನ ವೇಷದಲ್ಲಿ ಊರೆಲ್ಲರ ಕತ್ತು ಕಚ್ಚಿದ ಬಸಲಿಂಗಪ್ಪ, ನಿಜವಾದ ರಕ್ತ ಒಂದು ಹನಿ ಕಂಡರೆ ಕಣ್ಣು ಕತ್ತಲೆ ಬಂದು ನೆಲಕ್ಕೆ ಕೂರುತ್ತಿದ್ದ. ಅವನು ಬೆಳಿಗ್ಗೆ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ಹಪ್ಪಳ ಕಾಯುವುದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಪಿಶಾಚಿ ಪಾತ್ರದ ಚಂಪಾಬಾಯಿ ಶಾಟುಗಳ ನಡುವೆ ಬೆಳ್ಳುಳ್ಳಿ ಚಟ್ನಿ ಹಚ್ಚಿ ರೊಟ್ಟಿ ತಿನ್ನುತ್ತಿದ್ದರಿಂದ ನಾಯಕ ಹತ್ತಿರ ಬರಲು ಹೆದರುತ್ತಿದ್ದುದು ಪಿಶಾಚಿಗಲ್ಲ, ವಾಸನೆಗೆ ಎಂಬುದು ಎಲ್ಲರಿಗೂ ಪ್ರಿಯವಾದ ಸಂಗತಿ.

ಇತ್ಯರ್ಥವಾಗದೆ ಉಳಿದಿದ್ದ ಪ್ರಶ್ನೆ ಒಂದೇ. "ಬಾವಿ ಮದುಮಗಳು" ಚಿತ್ರದ ಎರಡನೆಯ ಭಾಗದಲ್ಲಿ ಬಾವಿಯೊಳಗಿಂದ ಒಂದು ನಗು ಏಳುತ್ತದಲ್ಲ, ಕೇಳಿದವರ ಬೆನ್ನಹುರಿಯಲ್ಲಿ ತಣ್ಣಗೆ ಹರಿಯುವ ನಗು, ಅದು ಯಾರದು? ಮೊದಲ ಭಾಗದ ಮದುಮಗಳು ಚಂಪಾಬಾಯಿ. ಎರಡನೆಯದರಲ್ಲಿ ನಮ್ಮ ಅತ್ತೆ. ಆ ನಗು ತನ್ನದು, ಮೊದಲ ಚಿತ್ರಕ್ಕೆಂದು ಮುದ್ರಿಸಿ ಬಳಸದೆ ಬಿಟ್ಟದ್ದನ್ನು ಮಾಂತವ್ವನ ಬಾಯಿಗೆ ಅಂಟಿಸಿದ್ದಾರೆ ಎಂದು ಚಂಪಾಬಾಯಿ ಹೇಳುತ್ತಿದ್ದರು. ಅರ್ಧ ಊರು ನಂಬಿತ್ತು, ಇನ್ನರ್ಧ ಊರು ಹೊಟ್ಟೆಕಿಚ್ಚು ಎನ್ನುತ್ತಿತ್ತು. ಅತ್ತೆಯನ್ನು ಕೇಳಿದರೆ, "ತೆರಿ ಮ್ಯಾಲ ಯಾರ ಬಾಯಿ ಐತಿ ನೋಡ್ರಿ" ಎಂದಷ್ಟೇ ಹೇಳಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಚಿತ್ರದ ವಾರ್ಷಿಕೋತ್ಸವದ ದಿನ ಗುರುಸಿದ್ದಪ್ಪ ಟಾಕೀಸಿನಲ್ಲಿ ಹಾರ ಹಾಕುತ್ತಿದ್ದುದು ಅವರಿಗೇ.

ಇಬ್ಬರೂ ಒಂದೇ ನಾಟಕ ಕಂಪನಿಯಿಂದ ಬಂದವರು. ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಕನ್ನಡಿಯಲ್ಲಿ ಬಣ್ಣ ಹಚ್ಚಿಕೊಂಡವರು. ಎರಡನೆಯ ಭಾಗ ಶುರುವಾಗುವಾಗ ಚಂಪಾಬಾಯಿಗೆ ವಿಷಮಶೀತ ಜ್ವರ. ಆಕೆಗೆ ಈ ಪಾತ್ರ ಬೇಡವಂತೆ ಎಂದು ನಿರ್ಮಾಪಕ ನಮ್ಮ ಅತ್ತೆಗೆ ಹೇಳಿದ. ಮಾಂತವ್ವನೇ ಬಂದು ಕೇಳಿಕೊಂಡಳು ಎಂದು ಚಂಪಾಬಾಯಿಗೆ ಹೇಳಿದ. ಚಿತ್ರ ಬಂದ ಮೇಲೆ, ಜ್ವರದಿಂದ ಇನ್ನೂ ಪೂರ್ತಿ ಚೇತರಿಸದ ಮೈಯಲ್ಲೇ ಚಂಪಾಬಾಯಿ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಅತ್ತೆ ಹಿತ್ತಲಿನಲ್ಲಿ ಕೂಸಿಗೆ, ಅಂದರೆ ನನ್ನ ಗಂಡನಿಗೆ, ಎರೆಯುತ್ತಿದ್ದರಂತೆ. ಕೇಳಿಸಲಿಲ್ಲ. ಯಾರೂ ಕರೆಯಲಿಲ್ಲ. ಚಂಪಾಬಾಯಿ ಬಿಸಿಲಲ್ಲಿ ಬಹಳ ಹೊತ್ತು ನಿಂತು ತಿರುಗಿ ಹೋದರು. ಆ ಊರಲ್ಲಿ ಬೈಗುಳ ಕಡಿಮೆ. ಬೈಯಬೇಕೆಂದರೆ ಬಾಗಿಲಲ್ಲಿ ನಿಂತವರನ್ನು ಕರೆಯದೆ ಸುಮ್ಮನೆ ಕೂತರೆ ಸಾಕು. ಅಂದಿನಿಂದ ಇಬ್ಬರೂ ಎದುರುಬದುರಾದರೆ ಒಬ್ಬರು ಗೋಡೆಯ ಪೋಸ್ಟರ್ ಓದುತ್ತ ನಿಲ್ಲುವುದು, ಇನ್ನೊಬ್ಬರು ದಾಟಿ ಹೋಗುವುದು.

ಶ್ರಾವಣ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಚಂಪಾಬಾಯಿಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದ ಮೆಹಬೂಬಿ ಓಡಿಬಂದಳು. "ಚಂಪಾಬಾಯಿ ಬಿದ್ದಾರ್ರೀ. ಬಲಗೈ ಏಳವಲ್ದು. ಮಾತs ಇಲ್ಲ." ನಾನು ಕೈಯಲ್ಲಿದ್ದ ಪಾತ್ರೆ ಬಿಟ್ಟು ಎದ್ದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತಲೇ ಇದ್ದರು. ನಾನು ನೋಡುತ್ತಿದ್ದಂತೆ ಎಲೆಯನ್ನು ಕಡ್ಡಿಯ ಗುಂಪಿಗೆ ಹಾಕತೊಡಗಿದರು. ಆಮೇಲೆ ಎದ್ದು ಕೈತೊಳೆದು, ಹೊರಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟುಕೊಂಡರು.

"ನೀವೂ ಬರ್ತೀರೇನ್ರಿ?" ಎಂದೆ.

"ಸುಮ್ನ ನಡೀ."

ನಾವು ಹೋಗುವಷ್ಟರಲ್ಲಿ ಡಾಕ್ಟರು ಬಂದು ನೋಡಿ, ಸೂಜಿ ಹಾಕಿ, ಹಾಸಿಗೆಯನ್ನು ಗಾಳಿ ಬೆಳಕು ಬರುವ ಪಡಸಾಲೆಗೆ ತರಿಸಿದ್ದರು. ಬಾಗಿಲಿಗೆ ನೇರವಾಗಿ ಚಂಪಾಬಾಯಿಯ ಮುಖ ಕಾಣುತ್ತಿತ್ತು, ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು. "ಜೀವಕ್ಕೇನಿಲ್ಲ. ಕೈ ಬರ್ತದ. ಆದ್ರ ಮಾತು ತಾನಾಗಿ ಬರೂದಿಲ್ಲ, ಎಳದು ತರಬೇಕು" ಎಂದರು ಡಾಕ್ಟರು. "ಮಾತಾಡಸ್ರಿ. ಅಳಲಿ, ಸಿಟ್ಟಿಗೇಳಲಿ, ಏನರೆ ಆಗಲಿ. ಸುಮ್ನ ಬಿಟ್ರ ಹಂಗs ಉಳೀತಾರ."

ಮೆಹಬೂಬಿ ಒಳಗಿನಿಂದ, "ಬರ್ರಿ ಮಾಂತವ್ವ, ಒಳಗ ಬರ್ರಿ" ಎಂದಳು. ಅತ್ತೆ ಕಾಲು ಎತ್ತಲಿಲ್ಲ.

"ಮನಿಯಾಕಿ ಕರೀಲಿ."

"ಮನಿಯಾಕಿಗೆ ಮಾತs ಹೋಗೇತ್ರಿ!"

"ಬರೂತನಕ ಇಲ್ಲೇ ಕೂಡ್ತೀನಿ," ಎಂದು ಅತ್ತೆ ಕಟ್ಟೆಯ ಮೇಲೆ ಕೂತರು. ಒಳಗೆ ಚಂಪಾಬಾಯಿ ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಅಂದಿನಿಂದ ಅದೇ ದಿನಚರಿ. ಬೆಳಗಿನ ಕೆಲಸ ಮುಗಿಸಿ ನಾನು ಗಂಜಿ ಒಯ್ಯುವುದು, ಹಿಂದೆಯೇ ಅತ್ತೆ ಬಂದು ಕಟ್ಟೆಯ ಮೇಲೆ ಚಾಪೆ ಹಾಸಿ ಕೂರುವುದು. ಕುಶಲ ಕೇಳುತ್ತಾರೆ, ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅತ್ತೆ ಮಾಡಿದ್ದೇ ಬೇರೆ. ಕಂಬಕ್ಕೆ ಬೆನ್ನು ಕೊಟ್ಟು, ಬೀದಿಯ ಕಡೆ ಮುಖ ಮಾಡಿ, ಯಾರಿಗೋ ಎಂಬಂತೆ ಗಟ್ಟಿಯಾಗಿ ಶುರುಮಾಡಿದರು. "ಮೊದಲನೇ ಭಾಗದಾಗ ಚಂಪಾ ಉಟ್ಟಿದ್ದ ಸೀರಿ ಕಾಂಜೀವರಂದಂತ." ಅದು ಸುಳ್ಳು, ಅದು ನಾಟಕ ಕಂಪನಿಯ ಹಳೆಯ ಪರದೆ ಎಂದು ಓಣಿಯ ಕೂಸಿಗೂ ಗೊತ್ತು. ಸಂಗತಿಯ ವಿಷಯದಲ್ಲಿ ಚಂಪಾಬಾಯಿ ಅಕ್ಕಸಾಲಿಗನಷ್ಟು ಕಟ್ಟುನಿಟ್ಟು. ಯಾರಾದರೂ ಕೂದಲೆಳೆಯಷ್ಟು ತಪ್ಪು ಹೇಳಿದರೂ ಬೀದಿಗೆ ಬಂದು ತಿದ್ದುತ್ತಿದ್ದವರು. ಅವರ ಎಡಗೈ ಹೊದಿಕೆಯನ್ನು ಹಿಡಿದು ಹಿಂಡುವುದನ್ನು ನಾನು ಒಳಗಿನಿಂದ ನೋಡಿದೆ.

"ಆಕಿ ಬಳ್ಳೊಳ್ಳಿ ಮುಟ್ಟತಿದ್ದಿಲ್ಲ ಬಿಡ್ರಿ, ವಾಸನಿಗೇ ವಾಂತಿ ಮಾಡಕೋತಿದ್ಲು." ಚಂಪಾಬಾಯಿಯ ಮುಖ ಗೋಡೆಯಿಂದ ಇತ್ತ ತಿರುಗಿತು.

"ಬಾವ್ಯಾಗ ಇಳಿಯೋ ಶಾಟಿಗೆ ಆಕಿ ಹೆದರಿ ಓಡಿಹೋಗಿ, ಅಡಿಗಿ ಭಟ್ಟಗ ಸೀರಿ ಉಡಿಸಿ ಇಳಿಸಿದ್ರು." ಚಂಪಾಬಾಯಿಯ ಕಣ್ಣಲ್ಲಿ ಕಿಡಿ ಹಾರಿತು, ಗಂಟಲಲ್ಲಿ ಏನೋ ಗೊರಗುಟ್ಟಿತು. ಮಾತಾಗಲಿಲ್ಲ.

ದಿನಕ್ಕೊಂದು ಹೊಸ ಸುಳ್ಳು ಹುಟ್ಟಿಸುವುದು ಸುಲಭವಲ್ಲ. ಅತ್ತೆ ರೊಟ್ಟಿ ತಿನ್ನುವಾಗಲೂ ಯೋಚಿಸುತ್ತಿದ್ದರು. ಒಮ್ಮೊಮ್ಮೆ ನನ್ನನ್ನೇ ಕೇಳುತ್ತಿದ್ದರು: "ಆಕಿ ಪಿಶಾಚಿ ಹಲ್ಲು ಸಾಬೂನಿಂದು ಅಂತ ಹೇಳಲೇನು? ಇಲ್ಲಾ, ಅದು ಹಿಂದಿನ ವಾರ ಆತು." ಗಂಡನಿಗೆ ಇದೆಲ್ಲ ಮರ್ಯಾದೆಗೇಡು ಎನಿಸಿತು. "ಆಕಿ ನಿನ್ನ ಕರಿಯಾಕಿ ಅಲ್ಲ ಬಿಡವ್ವಾ. ಊರ ಮಂದಿ ನಗಾಕತ್ಯಾರ."

"ಕರೀಲಿ ಅಂತ ಹೋಗೂದಿಲ್ಲೋ," ಎಂದರು ಅತ್ತೆ. "ಬೈಲಿ ಅಂತ ಹೋಗ್ತೀನಿ."

ನವರಾತ್ರಿ ಕಳೆಯಿತು. ಚಂಪಾಬಾಯಿಯ ಕೈ ಸ್ವಲ್ಪ ಸ್ವಲ್ಪ ಏಳತೊಡಗಿತು, ಕಾಲಿಗೆ ಬಲ ಬಂತು, ಬಾಯಿ ಮಾತ್ರ ಹಾಗೇ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ತಡವಾದರೆ ಕಷ್ಟ ಎಂದರು. ನಾನು ಅದನ್ನು ಅತ್ತೆಗೆ ಹೇಳಿದೆ. ಅಂದು ಅವರು ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಉಳಿದರು.

ಮರುದಿನ ಭಾನುವಾರ. ಪರ ಊರಿನ ಜನ ಓಣಿ ತುಂಬ ಇದ್ದರು, ಅವರಿಗೆ ಮನೆ ತೋರಿಸುತ್ತ ಗುರುಸಿದ್ದಪ್ಪನೂ ಬಂದಿದ್ದ. ಎರಡು ಭಾಗಗಳ ಇಬ್ಬರು ಮದುವಣಗಿತ್ತಿಯರು ಒಂದೇ ಬಾಗಿಲಿನ ಅತ್ತ ಇತ್ತ ಇರುವುದನ್ನು ಕಂಡು ಅವರೆಲ್ಲ ಕಟ್ಟೆಯ ಮುಂದೆ ಸೇರಿದರು. ಯಾರೋ ಒಬ್ಬ ಕನ್ನಡಕದ ಗೃಹಸ್ಥ ಕೈಮುಗಿದು ಕೇಳಿಯೇಬಿಟ್ಟ: "ತಾಯಿ, ನೀವs ಹೇಳಬೇಕು. ಆ ನಗು ಯಾರದು?"

ಅತ್ತೆ ಎದ್ದು ನಿಂತರು. ಮೊದಲ ಸಲ ಬೀದಿಗೆ ಬೆನ್ನು ಹಾಕಿ ಬಾಗಿಲ ಕಡೆ ತಿರುಗಿದರು. ಚಂಪಾಬಾಯಿಯನ್ನು ನೇರವಾಗಿ ನೋಡುತ್ತ, ನಾಟಕದ ಕಡೆಯ ಸಾಲಿನವರಿಗೂ ಕೇಳುವ ದನಿಯಲ್ಲಿ ಹೇಳಿದರು: "ನಗು ನಂದು. ಇನ್ಯಾರದು? ಈಕಿ ಜನ್ಮದಾಗ ಹಂಗ ನಕ್ಕಿಲ್ಲ. ಈಕಿಗೆ ನಗಾಕs ಬರ್ತಿದ್ದಿಲ್ಲ."

ನಾನು ಗಂಜಿಯ ಚಮಚ ಹಿಡಿದು ಒಳಗೆ ಕೂತಿದ್ದೆ. ಚಂಪಾಬಾಯಿ ಎಡಗೈ ಊರಿ ಅರ್ಧ ಎದ್ದರು. ಕುತ್ತಿಗೆಯ ನರ ಉಬ್ಬಿದವು. ತುಟಿ ಒಂದನ್ನೊಂದು ಹುಡುಕಿದಂತೆ ನಡುಗಿತು. "ಸು..." ಎಂದರು. ಮತ್ತೆ, "ಸು... ಸು..." ಹೊರಗೆ ಜನ ಬಾಗಿಲ ಕಡೆ ಬಾಗಿದರು. "ಸುಳ್ಳು!"

ಮೆಹಬೂಬಿ "ಯಾ ಅಲ್ಲಾ" ಎಂದು ಹೊಲಿಗೆ ಬಿಟ್ಟು ಎದ್ದಳು. ಅತ್ತೆ ಹೊಸ್ತಿಲ ಮುಂದೆ ನಿಂತಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಹೌದು ಚಂಪಾ, ಸುಳ್ಳು," ಎಂದರು. ಆಮೇಲೆ ಜನರ ಕಡೆ ತಿರುಗಿ, "ಕೇಳಿದ್ರಲ್ಲ? ಆ ನಗು ಆಕಿದು. ನಾ ನಕ್ರ ಮೇಕಿ ಕೆಮ್ಮಿದಂಗ ಆಗತಿತ್ತು. ಆಕಿ ನಗು ತಂದು ಹಚ್ಚಿದ್ರು. ಮೊದಲನೇ ದಿನಾನs ನನಗ ಗೊತ್ತಿತ್ತು" ಎಂದರು.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲವ್ವಾ?" ಗುರುಸಿದ್ದಪ್ಪನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಪ್ರತಿ ವರ್ಷ ಹಾರ ಹಾಕಿದವನು ಅವನೇ.

"ಅದನ್ನೂ ಕೊಟ್ಟುಬಿಟ್ರ ನನ್ನ ಹತ್ರ ಏನ ಉಳೀತಿತ್ತೋ ಗುರಸಿದ್ದಾ?"

ಜನ ಚದುರಿದರು. ಕನ್ನಡಕದ ಗೃಹಸ್ಥ ಹೋಗುವ ಮುನ್ನ ಒಳಗಿನ ಹಾಸಿಗೆಗೂ ಹೊರಗಿನ ಕಟ್ಟೆಗೂ ಒಂದೊಂದು ನಮಸ್ಕಾರ ಮಾಡಿದ. ಎಲ್ಲರೂ ಹೋದ ಮೇಲೆ ಅತ್ತೆ ಚಾಪೆಯ ಮೇಲೆ ಕುಸಿದು ಕೂತು, ಬಾಗಿಲಿನೊಳಕ್ಕೆ ಮೆಲ್ಲಗೆ ಮಾತಾಡತೊಡಗಿದರು. "ಆವತ್ತ ನೀ ಬಾಗಲಿಗೆ ಬಂದಿದ್ದಿ ಅಂತ ಬಾಜೂ ಮನಿಯಾಕಿ ಸಂಜೀಕ ಹೇಳಿದ್ಲು. ನಾ ಕೂಸಿನ ಕಂಕಳಾಗ ಇಟಗೊಂಡು ಓಡಿಬಂದೆ. ಇಲ್ಲೇ ನಿಂತಿದ್ದೆ. ನೀ ಒಳಗ ದೀಪಾ ಹಚ್ಚಾಕತ್ತಿದ್ದಿ. ನನ್ನ ನೋಡಿದಿ. ಕರೀಲಿಲ್ಲ." ಚಂಪಾಬಾಯಿ ಕಣ್ಣು ಮುಚ್ಚಿದರು. ಹೌದು ಅನ್ನುವಂತೆ ತಲೆ ಒಮ್ಮೆ ಅಲ್ಲಾಡಿತು.

ಆಮೇಲಿನ ದಿನಗಳು ಒಂದು ರೀತಿಯಲ್ಲಿ ತಮಾಷೆಯವು. ಚಂಪಾಬಾಯಿಗೆ ಇದ್ದದ್ದು ಒಂದೇ ಮಾತು. ಗಂಜಿ ಬಿಸಿಯಾಗಿದ್ದರೆ "ಸುಳ್ಳು", ತಣ್ಣಗಿದ್ದರೂ "ಸುಳ್ಳು". ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರೆ "ಸುಳ್ಳು" ಎಂದು ನಗುತ್ತಿದ್ದರು. ಅದರ ಬೆನ್ನಿಗೇ ನೀರು ಬಂತು, ಉಪ್ಪು ಬಂತು, ಮೆಹಬೂಬಿಯ ಹೆಸರು ಬಂತು. ಹೊರಗೆ ಅತ್ತೆ ಈಗ ನಿಜವನ್ನೇ ಹೇಳುತ್ತಿದ್ದರು. ಕಂಪನಿಯ ಜೊತೆ ತಿರುಗಿದ ಊರುಗಳು, ತಿಂದ ಮಂಡಕ್ಕಿ, ನಿಜವಾದ ನಾಯಿ ಓಡಿಸಿಕೊಂಡು ಬಂದಾಗ ಬಸಲಿಂಗಪ್ಪ ಪಿಶಾಚಿಯ ಹಲ್ಲು ಹಾಕಿಕೊಂಡೇ ಮರ ಹತ್ತಿದ್ದು. ಹೆಸರು ನೆನಪಾಗದೆ ಅತ್ತೆ ತಡವರಿಸಿದರೆ, ಒಳಗಿನಿಂದ ಚಂಪಾಬಾಯಿ ಒಂದೊಂದೇ ಅಕ್ಷರ ಹೆಕ್ಕಿ ಒದಗಿಸುತ್ತಿದ್ದರು. ಮೆಹಬೂಬಿ ದಿನಾ ಕರೆಯುತ್ತಿದ್ದಳು, ಅತ್ತೆ ದಿನಾ ತಲೆ ಅಲ್ಲಾಡಿಸುತ್ತಿದ್ದರು. ಆ ವರ್ಷದ ವಾರ್ಷಿಕೋತ್ಸವಕ್ಕೆ ಗುರುಸಿದ್ದಪ್ಪ ಹಾರವನ್ನು ಚಂಪಾಬಾಯಿಗೆ ಕಳಿಸಿದ. ನಮ್ಮ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಕಡಿಮೆಯಾದರು. ಗಂಡ ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಅತ್ತೆ ಮಾತ್ರ ಆಗಾಗ ತಟ್ಟೆಯ ಮುಂದೆ ಕೂತು, "ಹಸಿವಿ ಭಾಳ ಆಗಾಕತ್ತೇತಿ ಈಗೀಗ" ಎನ್ನುತ್ತಿದ್ದರು.

ಚಳಿ ಶುರುವಾದ ಮೇಲೆ ಒಂದು ದಿನ ಚಂಪಾಬಾಯಿ ನನ್ನ ತೋಳು ಹಿಡಿದು ಎದ್ದು, ಗದ್ದದಿಂದ ಹೊರಗೆ ತೋರಿಸಿದರು. ನಿಧಾನವಾಗಿ ಕರೆದುಕೊಂಡು ಬಂದೆ. ಅತ್ತೆ ಚಾಪೆಯ ಒಂದು ಬದಿಗೆ ಸರಿದು ಜಾಗ ಬಿಟ್ಟರು. ಇಬ್ಬರೂ ಇಳಿಬಿಸಿಲಿಗೆ ಕಾಲು ಚಾಚಿ ಕೂತರು. ಚಂಪಾಬಾಯಿಯ ಸೆರಗು ಬಲಗಡೆ ಜಾರುತ್ತಲೇ ಇತ್ತು. ಅತ್ತೆ ನೋಡದೆಯೇ ಕೈಚಾಚಿ ಏರಿಸುತ್ತಿದ್ದರು.

ಹೊತ್ತು ಇಳಿದಾಗ ಮೆಹಬೂಬಿ ಒಳಗಿನಿಂದ, "ಬರ್ರಿ ಬಾಯಿ, ಥಂಡಿ ಆಗತೈತಿ" ಎಂದಳು. ಚಂಪಾಬಾಯಿ ನನ್ನ ತೋಳು ಹಿಡಿದು ಒಳಗೆ ಹೋದರು. ಅತ್ತೆ ಮನೆಗೆ ಹೊರಡಲು ಚಾಪೆ ಸುತ್ತುತ್ತಿದ್ದರು. ಚಂಪಾಬಾಯಿ ಹಾಸಿಗೆಯ ಕಡೆ ಹೋಗಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಗೋಡೆ ಹಿಡಿದು, ಪೂರ್ತಿ ಬಾಗಿಲ ಕಡೆ ತಿರುಗಿ ನಿಂತರು. ಎರಡೆರಡು ಸಲ ಬಾಯಿ ತೆರೆದರು, ಮುಚ್ಚಿದರು. ನಾನು ನೆರವಾಗಲು ಹೋದೆ, ಕಣ್ಣಲ್ಲೇ ಗದರಿಸಿದರು. ಆಮೇಲೆ, ಒಂದೊಂದು ಮಾತಿನ ಮೇಲೂ ಕಾಲೂರಿ ನಡೆದಂತೆ, ಹೇಳಿದರು:

"ಯಾಕ... ಹೊರಗ... ನಿಂತಿ?"

ಇದನ್ನು ಕರೆದದ್ದು ಎನ್ನಬಹುದೋ ಇಲ್ಲವೋ ನನಗೆ ತಿಳಿಯದು. ಅತ್ತೆಗೂ ತಿಳಿದಂತೆ ಕಾಣಲಿಲ್ಲ. ಚಾಪೆ ಕೈಯಲ್ಲೇ ಹಿಡಿದು ಹೊಸ್ತಿಲ ಹತ್ತಿರ ಬಂದು, ಒಂದು ಕಾಲು ಎತ್ತಿ, ನೀರಿನ ಆಳ ನೋಡುವವರಂತೆ ಮುಂದಿಟ್ಟರು. ಕಾಲು ಹೋಯಿತು. ಇನ್ನೊಂದೂ ಹೋಯಿತು. ಒಳಗೆ ಹೋದವರು ಚಂಪಾಬಾಯಿಯ ಮುಖ ನೋಡಲಾಗದೆ, ನೇರ ಹಾಸಿಗೆಯ ಹತ್ತಿರ ಹೋಗಿ ಹೊದಿಕೆ ಝಾಡಿಸುತ್ತ, "ಹಾಸಿಗಿ ಹಿಂಗ ಹಾಸ್ತಾರೇನ? ನಿನಗ ಮೊದಲಿಂದಾನೂ ಬರ್ತಿದ್ದಿಲ್ಲ" ಎಂದು ಬೈಯತೊಡಗಿದರು. ದನಿ ಅಡ್ಡಾದಿಡ್ಡಿ ಹೋಗುತ್ತಿತ್ತು. ಮೆಹಬೂಬಿ ನನಗೆ ಸನ್ನೆ ಮಾಡಿದಳು. ನಾವಿಬ್ಬರೂ ಮೆಲ್ಲಗೆ ಹೊರಗೆ ಬಂದೆವು.

ನಾನು ಮನೆಗೆ ಬಂದು ಒಲೆ ಹಚ್ಚಿದೆ. ಗಂಡ ಕೆಲಸದಿಂದ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು, ಅತ್ತೆಯ ಮಣೆ ಖಾಲಿ ಇರುವುದನ್ನು ನೋಡಿದರು.

"ಅವ್ವ ಎಲ್ಲಿ?"

"ಒಳಗ ಅದಾರ," ಅಂದೆ.

ಯಾರ ಮನೆಯ ಒಳಗೆ ಎಂದು ಅವರು ಕೇಳಲಿಲ್ಲ. ತಟ್ಟೆ ಬದಿಗೆ ಸರಿಸಿ, "ಹಂಗಾರ ಇಬ್ಬರಿಗೂ ಬುತ್ತಿ ಕಟ್ಟು, ಕೊಟ್ಟು ಬರ್ತೀನಿ" ಎಂದರು.